ಗೌರಿ ಹೂವು ಮತ್ತು ಅದರ ಗೆಡ್ಡೆ

ಭಾದ್ರಪದ ಶುದ್ಧ ತದಿಗೆಯ ಹಿಂದಿನ ದಿನ ನಮ್ಮ ಕಡೆಯ ಮಕ್ಕಳಿಗೆ ಒಂದು ಕೆಲಸ ಕಾದಿರುತ್ತದೆ. ಮಳೆ ಹೊಯ್ಯುತ್ತಿರಲಿ, ಹೊಳವಾಗಿರಲಿ, ತೋಟದ ಬೇಲಿಗಳನ್ನೆಲ್ಲ ಸುತ್ತಿ ಗೌರಿ ಹೂವನ್ನು ಕೊಯ್ದು ತರಬೇಕು. ನಾನು ಬೆಳೆದದ್ದು ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕಾಫಿ ತೋಟದ ಮಗ್ಗುಲಲ್ಲಿ. ತಲೆಗೆ ಗೊರಬು ಹಾಕಿಕೊಂಡು ಹೋಗುತ್ತಿದ್ದ ಕಾಲವನ್ನು ಅಜ್ಜಿ ಹೇಳುತ್ತಿದ್ದಳು; ನಾವು ಗೊಬ್ಬರದ ಚೀಲದ ಪ್ಲಾಸ್ಟಿಕ್ಕನ್ನು ಕೊಪ್ಪೆ ಮಾಡಿಕೊಂಡು ಹೋಗುತ್ತಿದ್ದೆವು. ಕಾಲಿಗೆ ಜಿಗಣೆ, ಕೈಗೆ ಮುಳ್ಳು. ಆದರೂ ಲಂಟಾನದ ಪೊದೆಯ ನೆತ್ತಿಯ ಮೇಲೆ ಬೆಂಕಿಯ ಕಿಡಿಗಳಂತೆ ನಿಂತ ಆ ಹೂಗಳನ್ನು ಕಂಡೊಡನೆ ಮೈಯ ನೋವು ಮರೆತುಹೋಗುತ್ತಿತ್ತು.

ಹೂವನ್ನು ಒಳಗೆ ತೆಗೆದುಕೊಳ್ಳುವ ಮೊದಲು ಅಜ್ಜಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಬೇರು ಕಿತ್ತಿಲ್ಲ ತಾನೆ?" ಇಲ್ಲವೆಂದು ಹೇಳಿದ ಮೇಲೂ ಕೈಯನ್ನು ಎರಡು ಸಲ ತೊಳೆಸದೆ ಕಡುಬಿನ ತಟ್ಟೆಯ ಹತ್ತಿರ ಬಿಡುತ್ತಿರಲಿಲ್ಲ. ದೇವರಿಗೆ ಏರಿಸುವ ಹೂವಿಗೆ ಇಷ್ಟೊಂದು ಹೆದರಿಕೆ ಏಕೆಂದು ಆಗ ತಿಳಿಯುತ್ತಿರಲಿಲ್ಲ. ತಿಳಿಯುವ ಹೊತ್ತಿಗೆ ಒಂದು ಸಾವನ್ನು ಕಾಣಬೇಕಾಯಿತು. ಆ ಸಂಗತಿಯನ್ನು ಮುಂದೆ ಹೇಳುವೆನು.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಸಸ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಇತಿಹಾಸದ ಪುಸ್ತಕವನ್ನು ಹುಡುಕಲು ಗ್ರಂಥಭಂಡಾರಕ್ಕೆ ಹೋದವನು ಪಕ್ಕದ ಕಪಾಟಿನಲ್ಲಿ ಸಿಕ್ಕಿಕೊಂಡೆನೆಂದರೆ ಸರಿಯಾದೀತು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಸಸ್ಯಗಳನ್ನು ಕುರಿತು ಯೋಗನರಸಿಂಹನ್, ಸುಬ್ರಹ್ಮಣ್ಯಂ ಮತ್ತು ರಾಜಿ ಎಂಬ ಮೂವರು ವಿದ್ವಾಂಸರು ಬರೆದ ದೊಡ್ಡ ಗ್ರಂಥವೊಂದು 1981ರಲ್ಲಿ ಹೊರಬಂದಿದೆ. ನೆರೆಯ ಹಾಸನ ಜಿಲ್ಲೆಗೆ ಸಾಲ್ಡಾನ ಮತ್ತು ನಿಕೊಲ್ಸನ್ ಅವರು ಅಂತಹುದೇ ಕೆಲಸವನ್ನು 1976ರಲ್ಲಿಯೇ ಮಾಡಿದ್ದರು. ನಮ್ಮ ಮನೆಯ ಬೇಲಿಗೂ ಶಾಸ್ತ್ರವುಂಟೆಂದು ನನಗೆ ಹೊಳೆದದ್ದು ಇಂತಹ ಗ್ರಂಥಗಳನ್ನು ತಿರುವಿಹಾಕಿದ ಮೇಲೆ.

ಮೊದಲು ಬಳ್ಳಿಯ ವಿಚಾರ. ಇದು ಮರವಲ್ಲ, ಪೊದೆಯಲ್ಲ, ಹಲವು ವರ್ಷ ಬಾಳುವ ಒಂದು ಮೂಲಿಕೆ. ಬಾಳುವುದು ನೆಲದೊಳಗಿನ ಗೆಡ್ಡೆ ಮಾತ್ರ. ನೆಲದ ಮೇಲಿನ ಭಾಗವೆಲ್ಲ ವರ್ಷವರ್ಷವೂ ಹುಟ್ಟಿ ವರ್ಷವರ್ಷವೂ ಸಾಯುತ್ತದೆ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಕೊಳವೆಯಂತೆ ಸುರುಳಿಕೊಂಡ ಹಸುರು ಮೊಳಕೆ ಮೇಲೇಳುವುದು. ಮೊದಲು ನೆಟ್ಟಗೆ ನಿಲ್ಲುತ್ತದೆ. ಎರಡು ಮೂರು ಅಡಿ ಬೆಳೆದ ಮೇಲೆ ಆಸರೆ ಹುಡುಕುತ್ತದೆ. ಆಸರೆ ಹಿಡಿಯುವ ಬಗೆ ಬಹಳ ಸೊಗಸಾದುದು. ಕುಂಬಳ, ಹಾಗಲ ಮೊದಲಾದ ಬಳ್ಳಿಗಳಿಗೆ ಬೇರೆಯಾಗಿ ಹಂಬುಗಳು ಹುಟ್ಟುತ್ತವೆ. ಇದಕ್ಕೆ ಹಾಗಿಲ್ಲ, ಎಲೆಯ ತುದಿಯೇ ನೀಳವಾಗಿ ಸಣ್ಣಗಾಗಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡು ಸಿಕ್ಕಿದ ಕಡ್ಡಿಯನ್ನು ಹಿಡಿಯುತ್ತದೆ. ಎಲೆಯೇ ಕೈ, ಎಲೆಯೇ ಬಾಯಿ. ಹೀಗೆ ಹತ್ತು ಹದಿನೈದು ಅಡಿ ಹತ್ತುವುದುಂಟು.

ಹೂವಿನ ವಿಚಾರದಲ್ಲಿ ಹಬ್ಬದ ದಿನ ಒಮ್ಮೆ ನೋಡಿ ಬಿಟ್ಟರೆ ತಪ್ಪು ತಿಳಿವಳಿಕೆಯುಂಟಾಗುತ್ತದೆ. ಕಳೆದ ಮಳೆಗಾಲದಲ್ಲಿ ಒಂದೇ ಹೂವನ್ನು ದಿನಕ್ಕೊಮ್ಮೆ ಹೋಗಿ ನೋಡುತ್ತ ಬಂದೆನು. ಮೊಗ್ಗು ತಲೆ ಬಗ್ಗಿಸಿ ತೂಗುತ್ತಿರುತ್ತದೆ, ಬಣ್ಣ ಹಸುರು. ಅರಳುವಾಗ ಆರು ದಳಗಳೂ ಹಿಂದಕ್ಕೆ ಬಾಗಿ ಮೇಲಕ್ಕೆ ಸೆಟೆದುಕೊಳ್ಳುತ್ತವೆ, ಅಂಚೆಲ್ಲ ಅಲೆಅಲೆ. ಆಗ ಹಸುರು ಕಳೆದು ಹಳದಿ ಬರುತ್ತದೆ. ಆ ಹಳದಿಯ ತುದಿಯಲ್ಲಿ ಮೆಲ್ಲಗೆ ಕೆಂಪು ಹತ್ತಿ, ದಿನ ಕಳೆದಂತೆ ಕೆಳಕೆಳಕ್ಕೆ ಇಳಿದು, ಬುಡದ ಹಳದಿಯನ್ನೂ ನುಂಗಿ, ಕೊನೆಗೆ ಹೂವೆಲ್ಲ ಕಡುಗೆಂಪಾಗುತ್ತದೆ. ಆದುದರಿಂದ ಒಂದೇ ಬಳ್ಳಿಯಲ್ಲಿ ಹಳದಿ ಹೂವೂ ಕೆಂಪು ಹೂವೂ ಒಟ್ಟಿಗೆ ನಿಂತಿರುತ್ತವೆ. ಕೆಂಪಿನವಳು ಅಕ್ಕ, ಹಳದಿಯವಳು ತಂಗಿ ಎಂದು ನಮ್ಮ ಮನೆಯಲ್ಲಿ ಹೇಳುವರು. ಅಕ್ಕತಂಗಿ ಬಳ್ಳಿ ಎಂಬ ಹೆಸರು ಕನ್ನಡದಲ್ಲಿ ಇದಕ್ಕೆ ಉಂಟು. ಆಫ್ರಿಕದಲ್ಲಿ ಕೊನೆಯವರೆಗೂ ಹಳದಿಯಾಗಿಯೇ ಉಳಿದುಬಿಡುವ ಬಗೆಯೂ ಇದೆಯೆಂದು ಓದಿದಾಗ, ಅಲ್ಲಿ ತಂಗಿಯರೇ ಇರುವರೋ ಎಂದುಕೊಂಡೆನು.

ಇನ್ನೊಂದು ವಿಚಿತ್ರವಿದೆ. ಆರು ಕೇಸರಗಳು ಹೂವಿನ ಸುತ್ತ ಚಕ್ರದ ಅರಗಳಂತೆ ಚಾಚಿಕೊಂಡಿರುತ್ತವೆ. ಶಲಾಕೆಯಾದರೋ ಅಂಡಾಶಯದಿಂದ ಹೊರಟಕೂಡಲೆ ಮೊಣಕೈ ಮಡಿಸಿದಂತೆ ಪಕ್ಕಕ್ಕೆ ತಿರುಗಿ ತನ್ನ ಹೂವಿನ ಪರಾಗದಿಂದ ಆದಷ್ಟು ದೂರ ಹೋಗುತ್ತದೆ. ಬುಡದ ಮಧುವಿಗಾಗಿ ಬರುವ ಚಿಟ್ಟೆ, ಸೂರಕ್ಕಿಗಳು ಒಂದು ಹೂವಿನ ಪುಡಿಯನ್ನು ಇನ್ನೊಂದಕ್ಕೆ ಮುಟ್ಟಿಸಬೇಕೆಂಬುದೇ ಈ ಏರ್ಪಾಟಿನ ಉದ್ದೇಶ.

ಹೆಸರುಗಳನ್ನು ನೋಡೋಣ. ಗೌರಿ ಹೂವು, ಅಗ್ನಿಶಿಖೆ, ಕೋಳಿಕುಟುಮ, ಶಿವಶಕ್ತಿ, ಕರಡಿಕಣ್ಣಿನ ಗೆಡ್ಡೆ, ಇವೆಲ್ಲ ಕನ್ನಡ ನಾಡಿನಲ್ಲಿ ಬಳಕೆಯಲ್ಲಿರುವವು. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲೀ ಎಂದು ಹೆಸರು. ಲಾಂಗಲವೆಂದರೆ ನೇಗಿಲು. ಗೆಡ್ಡೆಯನ್ನು ಕಂಡವರಿಗೆ ಈ ಹೆಸರು ಎಷ್ಟು ಒಪ್ಪುವುದೆಂದು ಹೇಳಬೇಕಾಗಿಲ್ಲ. ಎರಡು ತೋಳುಗಳು ಕೂಡಿದ ಮೂಲೆಯಂತಹ ಆಕಾರ. ಮೇಳಿಯೂ ಈಚೂ ಸೇರಿದ ಹಾಗೆ. ಇದೇ ಸಂಸ್ಕೃತದಲ್ಲಿ ಗರ್ಭಘಾತಿನೀ ಎಂಬ ಇನ್ನೊಂದು ಹೆಸರೂ ಉಂಟು. ಒಂದು ಕಡೆ ಮುತ್ತೈದೆಯರು ಪೂಜಿಸುವ ಗೌರಿಯ ಹೆಸರು, ಇನ್ನೊಂದು ಕಡೆ ಗರ್ಭವನ್ನು ಕೊಲ್ಲುವವಳೆಂಬ ಹೆಸರು. ಹಿಂದಿನವರು ಬಳ್ಳಿಯ ಎರಡು ಮುಖವನ್ನೂ ಬಲ್ಲವರಾಗಿದ್ದರು.

ಪಾಶ್ಚಾತ್ಯರಿಗೆ ಇದರ ಪರಿಚಯವಾದುದರಲ್ಲಿ ನಮ್ಮ ಪಡುವಣ ಕರಾವಳಿಯ ಪಾಲು ದೊಡ್ಡದು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತನು ಅಲ್ಲಿನ ವೈದ್ಯರ ನೆರವಿನಿಂದ ಸಿದ್ಧಗೊಳಿಸಿದ 'ಹೋರ್ಟಸ್ ಮಲಬಾರಿಕಸ್' ಎಂಬ ಹನ್ನೆರಡು ಸಂಪುಟಗಳ ಗ್ರಂಥವು 1678ರಿಂದ 1693ರ ವರೆಗೆ ಆಂಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಈ ಬಳ್ಳಿಯ ಚಿತ್ರ ಮೆಂದೋನಿ ಎಂಬ ಮಲೆಯಾಳದ ಹೆಸರಿನಲ್ಲಿದೆ. 1753ರಲ್ಲಿ ಲಿನೇಯಸನು ಇದನ್ನು ಗ್ಲೋರಿಯೋಸ ಸುಪರ್ಬ ಎಂದು ಕರೆದನು. ಮೊದಲನೆಯ ಮಾತಿಗೆ ಕೀರ್ತಿಶಾಲಿ, ಎರಡನೆಯದಕ್ಕೆ ಭವ್ಯವೆಂಬ ಅರ್ಥ. ಮಾತಿನಲ್ಲಿ ಬಿಗಿಯಾಗಿರುವ ಶಾಸ್ತ್ರಜ್ಞನು ಒಂದೇ ಗಿಡಕ್ಕೆ ಎರಡು ಹೊಗಳಿಕೆಗಳನ್ನು ಒಟ್ಟಿಗೆ ಕೊಟ್ಟದ್ದು ವಿಶೇಷವೇ ಸರಿ. ಹಿಂದೆ ಇದನ್ನು ಲಿಲ್ಲಿಗಳ ಕುಟುಂಬದಲ್ಲಿ ಸೇರಿಸಿದ್ದರು. ಈಗ ಕಾಲ್ಚಿಕೇಸಿ ಎಂಬ ಕುಟುಂಬದಲ್ಲಿಟ್ಟಿದ್ದಾರೆ. ಕುಟುಂಬದ ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಬಳ್ಳಿ ನಮ್ಮದು ಮಾತ್ರವಲ್ಲ. ಆಫ್ರಿಕ ಖಂಡದ ಸಹಾರ ಮರುಭೂಮಿಯ ದಕ್ಷಿಣಕ್ಕೆ, ಮರಗಳು ಬಿಡಿಬಿಡಿಯಾಗಿ ನಿಂತು ನಡುವೆ ಹುಲ್ಲು ಬೆಳೆದಿರುವ ಕಾಡುಗಳಲ್ಲಿ, ಪೊದೆಗಳ ಅಂಚಿನಲ್ಲಿ ಇದು ತಾನಾಗಿ ಬೆಳೆಯುತ್ತದೆ. ಅಲ್ಲಿಂದ ಭಾರತ, ಸಿಂಹಳ, ಆಗ್ನೇಯ ಏಷ್ಯದವರೆಗೂ ಇದರ ಸ್ವಂತ ನೆಲ ಹಬ್ಬಿದೆ. ಜಿಂಬಾಬ್ವೆ ದೇಶಕ್ಕೆ ಇದೇ ರಾಷ್ಟ್ರೀಯ ಪುಷ್ಪ. ಆ ದೇಶ ಆಂಗ್ಲರ ಆಳ್ವಿಕೆಯಲ್ಲಿ ದಕ್ಷಿಣ ರೊಡೇಷಿಯ ಎನಿಸಿಕೊಂಡಿದ್ದಾಗ, 1947ರಲ್ಲಿ, ಮುಂದೆ ರಾಣಿಯಾದ ಎಲಿಜಬೆತ್ ರಾಜಕುಮಾರಿಯ 21ನೆಯ ಹುಟ್ಟುಹಬ್ಬಕ್ಕೆ ಅಲ್ಲಿನ ಶಾಲಾಬಾಲಕರ ಹೆಸರಿನಲ್ಲಿ ಕೊಟ್ಟ ಕಾಣಿಕೆಯು ಈ ಹೂವಿನ ಆಕಾರದ ವಜ್ರದ ಪದಕವಾಗಿತ್ತು. ನೆರೆಯ ತಮಿಳುನಾಡಿನ ರಾಜ್ಯಪುಷ್ಪವೂ ಇದೇ. ಪ್ರಾಚೀನ ತಮಿಳು ಕವಿಗಳು ಬೆಟ್ಟದ ನಾಡನ್ನು ವರ್ಣಿಸುವಾಗ ಕಾಂದಳ್ ಎಂದು ಕರೆದದ್ದು ಈ ಹೂವನ್ನೇ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನಮ್ಮ ಬೆಟ್ಟಗಳಿಗೆ ಬಾಳು ಕೊಟ್ಟ ಕಾಫಿಯೂ ಆಫ್ರಿಕದ್ದೇ. ಅರೇಬಿಕ ಕಾಫಿಯ ತೌರು ಇಥಿಯೋಪಿಯದ ಕಾಡು. ರೊಬಸ್ಟದ್ದು ಅದೇ ಖಂಡದ ನಡುವಣ ಮತ್ತು ಪಡುವಣ ಭಾಗ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಸಂತರು ಯೆಮನಿನಿಂದ ಏಳು ಬೀಜಗಳನ್ನು ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ಈ ಕಾಲೇಜಿನಲ್ಲಿ ಬಲ್ಲದವರು ಯಾರು? ಕಾಫಿ ಮನುಷ್ಯನ ಕೈ ಹಿಡಿದುಕೊಂಡು ಬಂದಿತು. ಗೌರಿ ಹೂವು ಯಾರ ಕೈಯನ್ನೂ ಕಾಯದೆ ಎರಡು ಖಂಡಗಳಲ್ಲಿಯೂ ನೆಲೆಸಿತ್ತು. ಈ ಎರಡು ಗಿಡಗಳು ಪ್ರಯೋಗಶಾಲೆಯಲ್ಲಿ ಇನ್ನೊಂದು ಬಗೆಯಲ್ಲಿ ಕೂಡಿಕೊಂಡ ಕಥೆಯನ್ನು ಆಮೇಲೆ ಹೇಳುತ್ತೇನೆ.

ಈಗ ಆ ಸಾವಿನ ಸಂಗತಿ. ನಾನು ಎಂಟನೆಯ ತರಗತಿಯಲ್ಲಿದ್ದೆ. ಹಣ್ಣು ಕೊಯ್ಲು ಮುಗಿಯುತ್ತ ಬಂದಿತ್ತು. ಹತ್ತಿರದ ತೋಟವೊಂದರಲ್ಲಿ ಹೊಸ ಗಿಡ ಹಾಕಲು ಗುಂಡಿ ತೆಗೆಸುತ್ತಿದ್ದರು. ಕೆಲಸಕ್ಕೆ ದೂರದ ಬಯಲುಸೀಮೆಯಿಂದ ಬಂದ ಗಂಡ ಹೆಂಡತಿ ಇದ್ದರು. ಗುದ್ದಲಿಗೆ ಸಿಕ್ಕಿದ ಗೆಡ್ಡೆಗಳನ್ನು ಆ ಮನುಷ್ಯ ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಲೈನಿಗೆ ತಂದನು. ಅವನ ಊರಿನಲ್ಲಿ ಕಾಡುಗೆಣಸು ತಿನ್ನುವ ರೂಢಿಯಿತ್ತಂತೆ. ಬೇಯಿಸಿ ರಾತ್ರಿ ತಿಂದರು. ಕಹಿಯೆಂದು ಹೆಂಡತಿ ಒಂದೆರಡು ತುತ್ತಿಗೇ ಬಿಟ್ಟಳು. ದಿನವಿಡೀ ಗುದ್ದಲಿ ಹಿಡಿದು ಹಸಿದಿದ್ದ ಗಂಡ ಉಪ್ಪು ಮೆಣಸು ಹಚ್ಚಿಕೊಂಡು ಪೂರ್ತಿ ತಿಂದನು. ನಡುರಾತ್ರಿಯ ಹೊತ್ತಿಗೆ ಇಬ್ಬರಿಗೂ ವಾಂತಿಭೇದಿ. ಬೆಳಗ್ಗೆ ಜೀಪಿನಲ್ಲಿ ಪಟ್ಟಣಕ್ಕೆ ಸಾಗಿಸಿದರು. ಎರಡನೆಯ ದಿನ ವಾಂತಿ ನಿಂತು ಆತ ಎದ್ದು ಕುಳಿತು ಮಾತನಾಡಿದನೆಂದೂ, ಇನ್ನೇನು ಗುಣವಾಯಿತೆಂದು ಎಲ್ಲರೂ ತಿಳಿದರೆಂದೂ ಕೇಳಿದ್ದೆವು. ನಾಲ್ಕನೆಯ ದಿನ ತೀರಿಕೊಂಡನು.

ಹೆಂಡತಿ ಉಳಿದಳು. ಆದರೆ ಲೈನಿಗೆ ಮರಳಿ ಬಂದ ಕೆಲವು ದಿನಗಳಲ್ಲಿ ಅವಳ ತಲೆಗೂದಲು ಹಿಡಿಹಿಡಿಯಾಗಿ ಉದುರತೊಡಗಿ ತಲೆ ಬೋಳಾಯಿತು. ಸುತ್ತಲಿನ ಜನ ಏನು ಹೇಳಿದರೆಂಬುದನ್ನು ಊಹಿಸಬಹುದು. ಗೌರಿಯ ಗೆಡ್ಡೆಯನ್ನು ಕಿತ್ತುದಕ್ಕೆ ಅಮ್ಮನೇ ಮುತ್ತೈದೆತನವನ್ನೂ ಮುಡಿಯನ್ನೂ ಕಿತ್ತುಕೊಂಡಳು ಎಂದರು. ನೀರು ಸೇದುವ ಕಡೆ ಅವಳನ್ನು ಕಂಡರೆ ಹೆಂಗಸರು ಸರಿದು ನಿಲ್ಲುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನೂ ನಂಬಿದ್ದೆನು. ಮುಂದಿನ ಮಳೆಗಾಲಕ್ಕೆ ಮೊದಲೇ ಅವಳು ಊರು ಬಿಟ್ಟು ಹೋದಳು.

ಆ ಹೆಂಗಸಿನ ಕೂದಲಿಗೆ ನಿಜವಾದ ಕಾರಣವೇನೆಂದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅದನ್ನು ವಿವರಿಸಬೇಕಾದರೆ ಸ್ವಲ್ಪ ರಸಾಯನ, ಸ್ವಲ್ಪ ಜೀವಶಾಸ್ತ್ರ ಬೇಕು. ವಿಜ್ಞಾನದ ಅಧ್ಯಾಪಕರು ತಪ್ಪಿದ್ದಲ್ಲಿ ತಿದ್ದುವರೆಂಬ ಧೈರ್ಯದಿಂದ ಬರೆಯುತ್ತೇನೆ.

ಯುರೋಪಿನಲ್ಲಿ ಕಾಲ್ಚಿಕಂ ಎಂಬ ಒಂದು ಸಸ್ಯವಿದೆ. ಗೌರಿ ಹೂವಿನ ಕುಟುಂಬಕ್ಕೆ ಹೆಸರು ಬಂದದ್ದು ಅದರಿಂದಲೇ. ಕೀಲುಗಳು ಊದಿಕೊಂಡು ಸಹಿಸಲಾರದ ನೋವು ಕೊಡುವ ಗೌಟ್ ಎಂಬ ವಾತರೋಗಕ್ಕೆ ಅದನ್ನು ಬಹು ಪ್ರಾಚೀನ ಕಾಲದಿಂದ ಬಳಸುತ್ತಿದ್ದರು. 1820ರಲ್ಲಿ ಪೆಲ್ಲೆತಿಯೆ ಮತ್ತು ಕಾವಂತೂ ಎಂಬ ಇಬ್ಬರು ಫ್ರೆಂಚ್ ಶಾಸ್ತ್ರಜ್ಞರು ಅದರಲ್ಲಿನ ಕಟು ದ್ರವ್ಯವನ್ನು ಬೇರ್ಪಡಿಸಿದರು. ಅದೇ ಮುಂದೆ ಕಾಲ್ಚಿಸಿನ್ ಎನಿಸಿಕೊಂಡಿತು. ಮಲೇರಿಯಾ ಜ್ವರದ ಕ್ವಿನೈನನ್ನು ಸಿಂಕೋನ ತೊಗಟೆಯಿಂದ ಬೇರ್ಪಡಿಸಿದವರೂ ಅದೇ ವರ್ಷ ಇದೇ ಇಬ್ಬರು. ನಮ್ಮ ಗೌರಿ ಹೂವಿನ ಗೆಡ್ಡೆಯಲ್ಲಿ ಬೇರೆ ಯಾವುದೋ ವಿಷವಿದೆಯೆಂದು ಭಾವಿಸಿ ಅದಕ್ಕೆ ಸುಪರ್ಬಿನ್ ಎಂದು ಹೆಸರಿಟ್ಟಿದ್ದರು. 1915ರಲ್ಲಿ ಕ್ಲೀವರ್, ಗ್ರೀನ್, ಟುಟಿನ್ ಎಂಬ ಮೂವರು ಪರೀಕ್ಷಿಸಿ, ಇದರಲ್ಲಿರುವುದೂ ಕಾಲ್ಚಿಸಿನ್ನೇ ಎಂದು ತೋರಿಸಿಕೊಟ್ಟರು.

ಈ ದ್ರವ್ಯ ಮಾಡುವ ಕೆಲಸವೇನು? ಸಸ್ಯವಾಗಲಿ ಪ್ರಾಣಿಯಾಗಲಿ, ಬೆಳೆಯುವುದು ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುವುದರಿಂದ. ಕೋಶ ಒಡೆಯುವುದಕ್ಕೆ ಮುಂಚೆ ಅದರೊಳಗಿನ ವರ್ಣತಂತುಗಳು ಇಮ್ಮಡಿಯಾಗುತ್ತವೆ. ಆಮೇಲೆ ಬಹು ಸೂಕ್ಷ್ಮವಾದ ನೂಲುಗಳು ಹುಟ್ಟಿ, ಹಗ್ಗಜಗ್ಗಾಟದಲ್ಲಿ ಎಳೆದಂತೆ, ಅರ್ಧ ವರ್ಣತಂತುಗಳನ್ನು ಈ ಕಡೆಗೂ ಅರ್ಧವನ್ನು ಆ ಕಡೆಗೂ ಎಳೆಯುತ್ತವೆ. ನಡುವೆ ಗೋಡೆ ಎದ್ದು ಕೋಶ ಎರಡಾಗುತ್ತದೆ. ಆ ನೂಲುಗಳು ಟ್ಯೂಬುಲಿನ್ ಎಂಬ ಸಣ್ಣ ಸಣ್ಣ ಕಣಗಳನ್ನು ಪೋಣಿಸಿದ ಸರ. ಕಾಲ್ಚಿಸಿನ್ ಆ ಕಣಗಳಿಗೆ ಅಂಟಿಕೊಂಡು ಸರ ಪೋಣಿಸುವುದಕ್ಕೆ ಬಿಡುವುದಿಲ್ಲ. ಹಗ್ಗವೇ ಇಲ್ಲದ ಮೇಲೆ ಎಳೆಯುವುದೆಲ್ಲಿ? ಒಡೆಯಬೇಕಾದ ಕೋಶ ಅರ್ಧದಲ್ಲಿಯೇ ನಿಂತುಬಿಡುತ್ತದೆ.

ಮನುಷ್ಯನ ದೇಹದಲ್ಲಿ ಎಲ್ಲ ಕೋಶಗಳೂ ಒಂದೇ ವೇಗದಲ್ಲಿ ಒಡೆಯುವುದಿಲ್ಲ. ಬಹು ಬೇಗ ಬೇಗ ಒಡೆಯುವ ಸ್ಥಳಗಳೆಂದರೆ ಕರುಳಿನ ಒಳಪದರ, ರಕ್ತ ಹುಟ್ಟುವ ಮೂಳೆಯ ಮಜ್ಜೆ, ಕೂದಲಿನ ಬುಡ. ಕಾಲ್ಚಿಸಿನ್ನಿನ ಪೆಟ್ಟು ಇವುಗಳ ಮೇಲೆ ಜೋರಾಗಿ ಬೀಳುತ್ತದೆ. ಗೆಡ್ಡೆ ತಿಂದ ಕೆಲವು ಗಂಟೆಗಳಲ್ಲಿ ವಾಂತಿಭೇದಿ ಆರಂಭವಾಗುವುದು. ಅದು ಕರುಳಿನ ಪಾಡು. ಆಮೇಲೆ ಸ್ವಲ್ಪ ಶಮನವಾದಂತೆ ತೋರುವುದುಂಟು, ಅದನ್ನು ಗುಣವೆಂದು ನಂಬಬಾರದು. ಒಂದನೆಯ ದಿನದಿಂದ ಏಳನೆಯ ದಿನದೊಳಗೆ ಮಜ್ಜೆ ಸೋತು ರಕ್ತಕಣಗಳು ಕುಸಿಯುತ್ತವೆ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳೂ ಕೈಬಿಡಬಹುದು. ಇದನ್ನು ದಾಟಿ ಬದುಕಿದವರಿಗೆ ಒಂದೆರಡು ವಾರಗಳಲ್ಲಿ ಕೂದಲು ಉದುರುತ್ತದೆ. ಮತ್ತೆ ಬೆಳೆಯುತ್ತದೆ.

ಈ ಕೊನೆಯ ವಾಕ್ಯವನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ಲೈನಿನಲ್ಲಿದ್ದ ನಮಗೆ ಯಾರಿಗಾದರೂ ಅಂದು ಇಷ್ಟು ತಿಳಿದಿದ್ದರೆ, ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳಿಗೆ "ಇದು ಶಾಪವಲ್ಲ ತಾಯಿ, ಕೂದಲು ಮತ್ತೆ ಬರುತ್ತದೆ" ಎಂದು ಹೇಳಬಹುದಾಗಿತ್ತು.

ಪ್ರಮಾಣದ ವಿಚಾರವನ್ನೂ ತಿಳಿಯಬೇಕು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.8 ಮಿಲಿಗ್ರಾಂ ಮೀರಿದರೆ ಬದುಕುವುದು ದುರ್ಲಭವೆಂದು ವೈದ್ಯಶಾಸ್ತ್ರದ ಲೆಕ್ಕ. 60 ಕಿಲೋ ತೂಗುವವನಿಗೆ ಇದು 48 ಮಿಲಿಗ್ರಾಂ ಆಯಿತು. ಇದಕ್ಕಿಂತ ಬಹಳ ಕಡಿಮೆಯಲ್ಲಿ ಸತ್ತವರೂ ಉಂಟು. ಒಣಗಿಸಿದ ಗೆಡ್ಡೆಯಲ್ಲಿ ಸಾವಿರ ಭಾಗಕ್ಕೆ ಒಂದರಿಂದ ಮೂರು ಭಾಗದಷ್ಟು ಕಾಲ್ಚಿಸಿನ್ ಇರುವುದರಿಂದ, 50 ಗ್ರಾಂ ತುಂಡಿನಲ್ಲಿಯೇ ಅಷ್ಟು ವಿಷ ಅಡಗಿರಬಹುದು. ಬೀಜದಲ್ಲಿ ಇನ್ನೂ ಹೆಚ್ಚು. ಬೇಯಿಸಿದರೆ, ಸುಟ್ಟರೆ ವಿಷ ಹೋಗುತ್ತದೆಂಬುದು ಶುದ್ಧ ತಪ್ಪು. ಒಲೆಯ ಬೆಂಕಿಗೆ ಕಾಲ್ಚಿಸಿನ್ ಕೆಡುವುದಿಲ್ಲ. ಸಿಂಹಳದಲ್ಲಿ ಇದನ್ನು ನಿಯಂಗಲ ಎನ್ನುವರು. ಅಲ್ಲಿಯೂ ಗೆಣಸೆಂದು ತಪ್ಪು ತಿಳಿದು ಬೇಯಿಸಿ ತಿಂದು ಸತ್ತವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ.

ಇನ್ನು ಮೇಲೆ ಹೇಳಿದ ಪ್ರಯೋಗಶಾಲೆಯ ಕಥೆ. ಕೋಶ ಒಡೆಯದೆ ನಿಂತಿತೆಂದೆವಷ್ಟೆ. ಒಳಗಿನ ವರ್ಣತಂತುಗಳು ಆಗಲೇ ಇಮ್ಮಡಿಯಾಗಿಬಿಟ್ಟಿರುತ್ತವೆ. ಕಾಲ್ಚಿಸಿನ್ನನ್ನು ಬೇಗ ತೊಳೆದುಬಿಟ್ಟರೆ ಆ ಕೋಶ ಸಾಯದೆ, ಇಮ್ಮಡಿ ವರ್ಣತಂತುಗಳನ್ನು ಹೊತ್ತು ಬೆಳೆಯುತ್ತದೆ. 1937ರಲ್ಲಿ ಅಮೆರಿಕದ ಬ್ಲೇಕ್ಸ್‌ಲೀ ಮತ್ತು ಏವರಿ ಎಂಬವರು ಈ ಉಪಾಯದಿಂದ ದತ್ತೂರಿ ಮೊದಲಾದ ಗಿಡಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರು. ಅಲ್ಲಿಂದ ಮುಂದೆ ಸಸ್ಯತಳಿ ಬೆಳೆಸುವವರ ಕೈಯಲ್ಲಿ ಕಾಲ್ಚಿಸಿನ್ ಒಂದು ಉಪಕರಣವೇ ಆಗಿಹೋಯಿತು. ಜಪಾನಿನ ಕಿಹಾರ ಎಂಬ ವಿದ್ವಾಂಸನು ಬೀಜವಿಲ್ಲದ ಕಲ್ಲಂಗಡಿಯನ್ನು ಉಂಟುಮಾಡಿದ್ದು ಇದರ ನೆರವಿನಿಂದಲೇ.

ಕಾಫಿಗೆ ಬರೋಣ. ಅರೇಬಿಕದಲ್ಲಿ 44 ವರ್ಣತಂತುಗಳು, ರೊಬಸ್ಟದಲ್ಲಿ 22. ಅರೇಬಿಕಕ್ಕೆ ರುಚಿಯುಂಟು, ಆದರೆ ಎಲೆಯ ತುಕ್ಕುರೋಗಕ್ಕೆ ಅದು ಸುಲಭದ ತುತ್ತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಈ ರೋಗವು ಅಲ್ಲಿನ ಕಾಫಿಯನ್ನೇ ಅಳಿಸಿ ಚಹಕ್ಕೆ ದಾರಿ ಮಾಡಿತು. ನಮ್ಮ ತೋಟಗಳನ್ನೂ ಬಿಡಲಿಲ್ಲ. ರೊಬಸ್ಟ ತುಕ್ಕನ್ನು ತಡೆಯುತ್ತದೆ. ಎರಡರ ಗುಣವನ್ನೂ ಕೂಡಿಸೋಣವೆಂದರೆ ವರ್ಣತಂತುಗಳ ಲೆಕ್ಕ ಹೊಂದದೆ ಸಂತಾನ ಬರಡಾಗುವುದು. ನಮ್ಮ ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಹೆಸರಾಂತ ತಳಿ ಎಸ್. 795ಕ್ಕೆ ತುಕ್ಕು ತಡೆಯುವ ಗುಣ ಬಂದದ್ದು, ಅರೇಬಿಕವೂ ಲೈಬೀರಿಕವೂ ತಾವಾಗಿಯೇ ಬೆರೆತು ಹುಟ್ಟಿದ ಒಂದು ಗಿಡದ ವಂಶದಿಂದ. ಅದು ಪ್ರಕೃತಿಯ ಕೃಪೆ. ಬ್ರೆಜಿಲಿನ ಕಂಪಿನಾಸ್ ಕೇಂದ್ರದವರು ಪ್ರಕೃತಿಯನ್ನು ಕಾಯಲಿಲ್ಲ. ರೊಬಸ್ಟದ 22ನ್ನು ಕಾಲ್ಚಿಸಿನ್ನಿನಿಂದ 44 ಮಾಡಿ, 1950ರಲ್ಲಿ ಅರೇಬಿಕದೊಡನೆ ಕೂಡಿಸಿದರು. ಇಕಾಟು ಎಂಬ ತಳಿಯ ಮೂಲ ಇದೇ. ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ ಅರಬುಸ್ಟ ಎಂಬ ಸಂಕರ ಹುಟ್ಟಿದ್ದೂ ಇದೇ ಮಾರ್ಗದಿಂದ. ಅಲ್ಲಿ ಬಳಸಿದ ಕಾಲ್ಚಿಸಿನ್ ಗೌರಿ ಹೂವಿನದೇ ಎಂದು ನಾನು ಹೇಳುತ್ತಿಲ್ಲ. ಆದರೆ ದ್ರವ್ಯ ಒಂದೇ. ಕಾಫಿ ಗಿಡದ ಬುಡದಲ್ಲಿ ಬೆಳೆಯುವ ಬಳ್ಳಿಯೊಳಗೆ ಆ ಕಾಫಿಯ ತಳಿಯನ್ನೇ ಮಾರ್ಪಡಿಸಬಲ್ಲ ವಸ್ತುವಿದೆಯೆಂಬುದು ಅಚ್ಚರಿಯಲ್ಲವೆ?

ವೈದ್ಯದಲ್ಲಿ ಇದರ ಬಳಕೆ ಹೊಸದಲ್ಲ. ಆಯುರ್ವೇದದವರು ಲಾಂಗಲಿಯನ್ನು ಎಕ್ಕ, ಕಣಗಿಲೆ, ಗುಲಗಂಜಿ, ದತ್ತೂರಿಗಳ ಜೊತೆಗೆ ಉಪವಿಷಗಳ ಪಂಕ್ತಿಯಲ್ಲಿ ಕೂರಿಸಿ, ಗೋಮೂತ್ರದಲ್ಲಿ ನೆನೆಸಿ ಶೋಧಿಸದೆ ಬಳಸಬಾರದೆಂದು ವಿಧಿಸಿದ್ದಾರೆ. ಹೆರಿಗೆ ಸಲೀಸಾಗಲೆಂದು ಗೆಡ್ಡೆಯನ್ನು ಅರೆದು ಅಂಗಾಲಿಗೆ, ಹೊಕ್ಕುಳಿಗೆ ಹಚ್ಚುವ ರೂಢಿ ಹಳ್ಳಿಗಳಲ್ಲಿತ್ತು. ಹಾವಿನ ಕಡಿತಕ್ಕೂ ಕೊಡುತ್ತಿದ್ದರು. ಈ ಕೊನೆಯದನ್ನು ಕೇಳಿದರೆ ನನಗೆ ಭಯವಾಗುತ್ತದೆ. ಹಾವಿನ ವಿಷದಿಂದ ಉಳಿಯಬಹುದಾದವನು ಔಷಧದ ವಿಷದಿಂದ ಸತ್ತಾನು. ಹಾವು ಕಚ್ಚಿದವನಿಗೆ ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದೇ ಗತಿ. ಇಂದಿನ ವೈದ್ಯರು ಗೌಟ್ ರೋಗಕ್ಕೆ ಶುದ್ಧ ಕಾಲ್ಚಿಸಿನ್ನನ್ನು ಮಾತ್ರೆಯಾಗಿ ಕೊಡುತ್ತಾರೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯವರು ದಿನಕ್ಕೆ ಅರ್ಧ ಮಿಲಿಗ್ರಾಮಿನ ಮಾತ್ರೆಯನ್ನು ಹೃದ್ರೋಗಿಗಳಿಗೂ ಒಪ್ಪಿದ್ದಾರೆ. ಅರ್ಧ ಮಿಲಿಗ್ರಾಂ ಎಂದರೆ ಎಷ್ಟು ಎಂದು ಬಲ್ಲವರು, ಗೆಡ್ಡೆಯ ತುಂಡನ್ನು ಅಂದಾಜಿನಲ್ಲಿ ಅರೆದು ಕುಡಿಸುವ ಧೈರ್ಯ ಮಾಡಲಾರರು.

ಔಷಧಕ್ಕೆ ಬೇಡಿಕೆಯಿರುವುದರಿಂದ ತಮಿಳುನಾಡಿನ ಧಾರಾಪುರಂ, ಮೂಲನೂರು, ಒಟ್ಟನ್‌ಛತ್ರಂ ಕಡೆಗಳಲ್ಲಿ ಇದನ್ನು ಹೊಲದಲ್ಲಿ ಬೆಳೆಯುತ್ತಾರೆ. ಬೀಜ ವಿದೇಶಗಳಿಗೆ ಹೋಗುತ್ತದೆ. ಕಾಯಿ ಚೆನ್ನಾಗಿ ಕಚ್ಚಲೆಂದು ಹೊತ್ತಾರೆ ಆಳುಗಳು ಸಾಲುಸಾಲಾಗಿ ನಡೆದು ಹೂವಿನಿಂದ ಹೂವಿಗೆ ಪರಾಗವನ್ನು ಕೈಯಾರೆ ಮುಟ್ಟಿಸುವರಂತೆ. ಶಲಾಕೆ ಮುಖ ತಿರುಗಿಸಿಕೊಂಡುದರ ಫಲವಿದು! ಹೊಲಕ್ಕೆ ಬೇಕಾದ ಬಿತ್ತನೆಯ ಗೆಡ್ಡೆಯನ್ನು ಕಾಡಿನಿಂದ ಕಿತ್ತರೆ ಮಾತ್ರ ಬಳ್ಳಿಗೆ ಕೇಡು. ಬೀಜದಿಂದ ಹುಟ್ಟಿದ ಸಸಿ ಹೂ ಬಿಡಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಗೆಡ್ಡೆಯ ತೋಳಿಗೆ ಮೊಳಕೆಯ ಕಣ್ಣು ಇರುವುದು ತುದಿಯಲ್ಲಿ ಮಾತ್ರ. ಅದು ಮುರಿದರೆ ಆ ತೋಳು ಮತ್ತೆ ಚಿಗುರದು. ಹಳೆಯ ಗೆಡ್ಡೆ ಪ್ರತಿ ಮಳೆಗಾಲವೂ ಬಳ್ಳಿಗೆ ತನ್ನ ಸಾರವನ್ನೆಲ್ಲ ಕೊಟ್ಟು ಸುಕ್ಕಿ ಹೋಗುತ್ತದೆ. ಅದರ ಜಾಗದಲ್ಲಿ ಹೊಸ ಗೆಡ್ಡೆ ಬಲಿಯುತ್ತದೆ. ಹೂವು ಕೊಯ್ದರೆ ಇದಾವುದಕ್ಕೂ ತೊಂದರೆಯಿಲ್ಲ. "ಬೇರು ಕಿತ್ತಿಲ್ಲ ತಾನೆ?" ಎಂಬ ಪ್ರಶ್ನೆಯಲ್ಲಿ ನಮ್ಮನ್ನು ಕಾಯುವ ಅರ್ಥದ ಜೊತೆಗೆ ಬಳ್ಳಿಯನ್ನು ಕಾಯುವ ಅರ್ಥವೂ ಅಜ್ಜಿಗೆ ಇದ್ದಿರಬೇಕು.

ಅಪಾಯ ಯಾವಾಗ ಎಂಬುದನ್ನು ನಮ್ಮಲ್ಲಿ ತೋಟಗಳ ಕಡೆಯಿಂದ ಬಂದವರು ತಿಳಿದಿರಬೇಕು. ಹೂವಿರುವಾಗ ಯಾರೂ ಮೋಸಹೋಗುವುದಿಲ್ಲ. ಮಳೆ ನಿಂತು ಚಳಿ ಬಿದ್ದೊಡನೆ ಬಳ್ಳಿ ಒಣಗಿ ಹೇಳಹೆಸರಿಲ್ಲದಾಗುತ್ತದೆ. ಆಗ ನೆಲದ ಮೇಲೆ ಹೂವಿಲ್ಲ, ಎಲೆಯಿಲ್ಲ, ಎಚ್ಚರಿಕೆಯ ಗುರುತು ಒಂದೂ ಇಲ್ಲ. ಗುಂಡಿ ತೆಗೆಯುವುದು, ಬೇಲಿಯ ಬುಡ ಅಗೆಯುವುದು ಆ ತಿಂಗಳುಗಳಲ್ಲಿಯೇ. ಗುದ್ದಲಿ ಹಿಡಿಯುವವರೂ ಈಗ ಬಹುಮಟ್ಟಿಗೆ ಹೊರಗಿನವರು. ಅಸ್ಸಾಂ, ಝಾರ್ಖಂಡಗಳಿಂದ ಬಂದವರಿಗೆ ನಮ್ಮ ಅಜ್ಜಿಯರು ಯಾವ ಭಾಷೆಯಲ್ಲಿ ಹೇಳಬೇಕು? ಗುರುತು ಇಷ್ಟು: ಎರಡು ತೋಳಿನ, ತುದಿ ಚೂಪಾದ, ನೇಗಿಲಿನಂತೆ ಮಡಿದ ಗೆಡ್ಡೆ, ಕಂದು ಸಿಪ್ಪೆ, ಒಳಗೆ ಬಿಳಿ, ರುಚಿ ಕಹಿ. ತಿಂದದ್ದು ಗೊತ್ತಾದರೆ ವಾಂತಿಯಾಗಲೆಂದು ಕಾಯದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಉಳಿದ ಗೆಡ್ಡೆಯ ತುಂಡನ್ನು ಜೊತೆಗೇ ತೆಗೆದುಕೊಂಡು ಹೋಗಬೇಕು. ವೈದ್ಯನಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಎರಡನೆಯ ದಿನ ರೋಗಿ ಎದ್ದು ಕುಳಿತನೆಂದು ಮನೆಗೆ ಕರೆತರಬಾರದು.

ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋದಾಗ, ಬೇಲಿಯ ಬುಡದಿಂದ ಎದ್ದ ಒಂದು ಗೆಡ್ಡೆಯನ್ನೂ ಸಂತೆಯಿಂದ ತಂದ ಒಂದು ಗೆಣಸನ್ನೂ ತಟ್ಟೆಯಲ್ಲಿಟ್ಟುಕೊಂಡು ತೋಟದ ಲೈನಿನ ಮನೆಗಳ ಮುಂದೆ ಹೋದೆನು. ಹರಕು ಹಿಂದಿಯಲ್ಲಿ ನಾನು ಹೇಳಿದ್ದು ಎಷ್ಟು ತಿಳಿಯಿತೋ ಕಾಣೆ. ಐದಾರು ವರ್ಷದ ಹುಡುಗಿಯೊಬ್ಬಳು ಗೆಡ್ಡೆಯನ್ನು ಮುಟ್ಟಲು ಕೈ ಚಾಚಿದಳು. ಅವಳ ತಾಯಿ ಆ ಕೈಯ ಮೇಲೆ ಪಟ್ಟೆಂದು ಹೊಡೆದು, ನನ್ನ ಮುಖ ನೋಡಿ ನಕ್ಕಳು. ಗೆಡ್ಡೆಯನ್ನು ಕಣ್ಣು ಮುರಿಯದಂತೆ ಅದೇ ಬೇಲಿಯ ಬುಡದಲ್ಲಿ ಹೂತು, ಕೆರೆಯ ನೀರಿನಲ್ಲಿ ಎರಡು ಸಲ ಕೈ ತೊಳೆದುಕೊಂಡು ಮನೆಗೆ ಬಂದೆನು.